ತೋಟ ಮಾರುವ ಮುನ್ನ

ಪ್ರಶ್ನೆ: ನನ್ನ ಮಗನಿಗೆ ನಾಲ್ಕು ವರ್ಷ. ಆಟಿಸಂ ಇದೆಯೆಂದು ಕಳೆದ ವರ್ಷ ಗೊತ್ತಾಯಿತು. ಪೇಟೆಯಲ್ಲಿರುವ ಒಂದು ಸ್ವಯಂಸೇವಾ ಸಂಸ್ಥೆಗೆ ಥೆರಪಿಗೆಂದು ಕರೆದುಕೊಂಡು ಹೋಗುತ್ತಿದ್ದೇನೆ. ಅವರು ಈಗ ಒಂದು ಸಂಶೋಧನೆಗೆ ಸೇರುತ್ತೀರಾ ಎಂದು ಕೇಳುತ್ತಿದ್ದಾರೆ. ನಾನು ಮಗನ ಜೊತೆ ಆಡುವುದನ್ನು ವಿಡಿಯೊ ತೆಗೆದು, ಅದನ್ನು ನನಗೇ ತೋರಿಸಿ ಹೇಳಿಕೊಡುತ್ತಾರಂತೆ. ದುಡ್ಡು ಕೇಳಿಲ್ಲ. ‘ಪುಕ್ಕಟೆ ಅಂದ್ರೆ ಮಗೂನ ಪ್ರಯೋಗಕ್ಕೆ ಇಟ್ಟುಕೊಳ್ತಾರೆ’ ಎಂದು ಅತ್ತೆ ಹೆದರಿದ್ದಾರೆ. ಇತ್ತ ನಮ್ಮನೆಯವರಿಗೆ ಯಾರೋ ಸ್ಟೆಮ್ ಸೆಲ್ ಚಿಕಿತ್ಸೆಯಿಂದ ಪೂರ್ತಿ ಗುಣವಾಗುತ್ತದೆ ಎಂದಿದ್ದಾರೆ. ಅರ್ಧ ಎಕರೆ ಅಡಿಕೆ ತೋಟ ಮಾರುವ ಮಾತು ನಡೆದಿದೆ. ಏನು ಮಾಡಲಿ?
– ಹೆಸರು ಬೇಡ, ಸಾಗರ ತಾಲ್ಲೂಕು

ಉತ್ತರ: ತೋಟದ ಮಾತು ಮೊದಲು. ಮಾರಬೇಡಿ. ಸ್ಟೆಮ್ ಸೆಲ್ ಕೊಟ್ಟರೆ ಆಟಿಸಂ ಗುಣವಾಗುತ್ತದೆ ಎನ್ನುವುದಕ್ಕೆ ಆಧಾರವಿಲ್ಲ. ರಾಷ್ಟ್ರೀಯ ವೈದ್ಯಕೀಯ ಆಯೋಗದ ನೈತಿಕತೆ ಮಂಡಳಿ 2022ರ ಡಿಸೆಂಬರ್‌ನಲ್ಲೇ ಆಟಿಸಂಗೆ ಈ ಚಿಕಿತ್ಸೆ ಸಲ್ಲದು, ಅದನ್ನು ಜಾಹೀರಾತು ಮಾಡಿ ಹಬ್ಬಿಸುವುದು ವೃತ್ತಿಧರ್ಮಕ್ಕೆ ವಿರುದ್ಧ ಎಂದು ಹೇಳಿದೆ. ಅದಕ್ಕೂ ಮುಂಚೆ, 2017ರ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಮಾರ್ಗಸೂಚಿಯೂ ರಕ್ತದ ಕಾಯಿಲೆಗಳಂಥ ಕೆಲವನ್ನು ಬಿಟ್ಟರೆ ಉಳಿದುದಕ್ಕೆಲ್ಲ ಸ್ಟೆಮ್ ಸೆಲ್ ಬಳಕೆ ಸಂಶೋಧನೆಯ ಹಂತದಲ್ಲಷ್ಟೇ ಇರಬೇಕು ಎಂದಿತ್ತು. ಇದನ್ನು ನಿಮ್ಮ ಯಜಮಾನರಿಗೆ ಓದಿ ಹೇಳಿ. ಮಗನಿಗಾಗಿ ತೋಟವನ್ನೇ ಬಿಡಲು ಸಿದ್ಧರಾದ ತಂದೆ ಅವರು. ಆ ಪ್ರೀತಿಯನ್ನು ಯಾರೂ ದುಡ್ಡು ಮಾಡಿಕೊಳ್ಳಬಾರದು ಎಂಬುದಷ್ಟೇ ನನ್ನ ಸಂಕಟ.

ನಿಮ್ಮ ಅತ್ತೆಯವರ ಭಯವನ್ನೂ ತಳ್ಳಿಹಾಕಬೇಡಿ. ಮೊಮ್ಮಗನನ್ನು ಯಾರು, ಯಾಕೆ, ಏನು ಮಾಡುತ್ತಾರೆಂದು ಕೇಳುವುದು ಹಿರಿಯರ ಹಕ್ಕು. ಆದರೆ ನಿಮ್ಮ ಮುಂದಿರುವ ಎರಡರಲ್ಲಿ, ಫಲ ಇನ್ನೂ ಸಾಬೀತಾಗದೆ ಮಗುವಿನ ಮೈಗೆ ಸೂಜಿ ಚುಚ್ಚುವುದು ದುಡ್ಡು ಕೇಳುತ್ತಿರುವ ಕಡೆ. ಪುಕ್ಕಟೆ ಎಂದವರು ನಿಮ್ಮ ಒಪ್ಪಿಗೆ ಕೇಳಿದ್ದಾರೆ. ಸಂಶೋಧನೆಯ ವೆಚ್ಚವನ್ನು ಅದರಲ್ಲಿ ಭಾಗಿಯಾದವರ ಮೇಲೆ ಹೊರಿಸಬಾರದೆಂಬುದು ನಿಯಮ. ಹಾಗಾಗಿ ಅವರು ದುಡ್ಡು ಕೇಳದೆ ಇರುವುದರಲ್ಲಿ ಗುಟ್ಟೇನಿಲ್ಲ.

ಅವರು ಹೇಳುತ್ತಿರುವ ವಿಧಾನ ಹೊಸದೂ ಅಲ್ಲ. ಗೋವಾದ ‘ಸಂಗಾತ್’ ಎಂಬ ಸೇವಾಸಂಸ್ಥೆ ಇಂಥದ್ದೇ ಕೆಲಸ ಮಾಡಿದೆ. ಬ್ರಿಟನ್ನಿನಲ್ಲಿ ರೂಪಿಸಿದ ಪದ್ಧತಿಯನ್ನು ನಮ್ಮ ಮನೆಗಳಿಗೆ ಒಗ್ಗಿಸಿ, ಗೋವಾದಲ್ಲೂ ಪಾಕಿಸ್ತಾನದ ರಾವಲ್ಪಿಂಡಿಯಲ್ಲೂ 65 ಮಕ್ಕಳ ಕುಟುಂಬಗಳೊಂದಿಗೆ ಪರೀಕ್ಷಿಸಿದರು. ಮಕ್ಕಳ ವಯಸ್ಸು ಎರಡರಿಂದ ಒಂಬತ್ತು. ಕಲಿಸಿದವರು ದೊಡ್ಡ ಡಾಕ್ಟರುಗಳಲ್ಲ, ತರಬೇತಿ ಪಡೆದ ಸಾಮಾನ್ಯ ಕಾರ್ಯಕರ್ತರು. ತಾಯಿ ಮಗುವಿನೊಂದಿಗೆ ಆಡುವ ವಿಡಿಯೊ ನೋಡುತ್ತ, ಮಗು ಕಣ್ಣು ಹಾಯಿಸಿದ್ದು, ಕೈ ಚಾಚಿದ್ದು, ಸಣ್ಣ ಸದ್ದು ಮಾಡಿದ್ದು ಎಲ್ಲಿ, ಅದಕ್ಕೆ ತಾಯಿ ಹೇಗೆ ಓಗೊಟ್ಟಳು ಎಂದು ಇಬ್ಬರೂ ಕೂತು ಗುರುತಿಸುತ್ತಿದ್ದರು. ಫಲಿತಾಂಶ 2016ರಲ್ಲಿ ‘ದಿ ಲ್ಯಾನ್ಸೆಟ್ ಸೈಕಿಯಾಟ್ರಿ’ಯಲ್ಲಿ ಬಂತು: ತಂದೆತಾಯಿಗಳು ಮಗುವಿನ ಲಯಕ್ಕೆ ಹೊಂದಿಕೊಂಡು ಸ್ಪಂದಿಸುವುದು ಹೆಚ್ಚಿತು, ಮಕ್ಕಳು ತಾವಾಗಿಯೇ ಸಂವಹನಕ್ಕೆ ತೊಡಗುವುದೂ ಹೆಚ್ಚಿತು. ಆಟಿಸಂ ಹೋಯಿತು ಎಂದು ಅವರು ಎಲ್ಲೂ ಹೇಳಲಿಲ್ಲ. ಪರಿಣತರು ದೂರದ ನಗರಗಳಲ್ಲಷ್ಟೇ ಇರುವ ನಮ್ಮಂಥ ಕಡೆ, ಮನೆಯ ಜಗುಲಿಯಲ್ಲೇ ನಡೆಯಬಲ್ಲ ಈ ಕಲಿಕೆ ಸಣ್ಣದಲ್ಲ ಎಂದು ನನಗನ್ನಿಸುತ್ತದೆ.

ಆದರೂ ಸಹಿ ಹಾಕುವ ಮುಂಚೆ ಕೇಳಿ. ಒಪ್ಪಿಗೆ ಪತ್ರ ಕನ್ನಡದಲ್ಲಿದೆಯೇ? ಯಾವ ಎಥಿಕ್ಸ್ ಕಮಿಟಿ ಅನುಮತಿ ಕೊಟ್ಟಿದೆ? ನಡುವೆ ಬೇಡವೆನಿಸಿದರೆ ಬಿಡಬಹುದೇ, ಬಿಟ್ಟರೂ ಈಗಿನ ಥೆರಪಿ ಮುಂದುವರಿಯುತ್ತದೆಯೇ? ಬಿಡಬಹುದು, ಮುಂದುವರಿಯುತ್ತದೆ ಎಂದೇ ಉತ್ತರ ಬರಬೇಕು. ಇಂಥ ಅಧ್ಯಯನಗಳಲ್ಲಿ ಕುಟುಂಬಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡುವುದುಂಟು. ಒಂದು ಗುಂಪಿಗೆ ಈ ಕಲಿಕೆ ಆಗ ಸಿಗುವುದಿಲ್ಲ. ನೀವು ಆ ಗುಂಪಿಗೆ ಬಿದ್ದರೆ ಮುಂದೇನು ಎಂಬುದನ್ನೂ ತಿಳಿದುಕೊಳ್ಳಿ.

ವಿಡಿಯೊ ವಿಷಯದಲ್ಲಿ ಮಾತ್ರ ಗಟ್ಟಿಯಾಗಿರಿ. ಅದನ್ನು ಯಾರು ನೋಡುತ್ತಾರೆ, ಎಲ್ಲಿಡುತ್ತಾರೆ, ಯಾವಾಗ ಅಳಿಸುತ್ತಾರೆ ಎಂಬುದು ಬರವಣಿಗೆಯಲ್ಲಿರಲಿ. ಏಪ್ರಿಲ್ 2ರ ವಿಶ್ವ ಆಟಿಸಂ ಜಾಗೃತಿ ದಿನ ಬಂತೆಂದರೆ ಪೋಸ್ಟರುಗಳಿಗೆ, ದೇಣಿಗೆಯ ಮನವಿಗಳಿಗೆ ಮಕ್ಕಳ ಮುಖ ಬೇಕಾಗುತ್ತದೆ. ಸಂಶೋಧನೆಗೆ ಕೊಟ್ಟ ಒಪ್ಪಿಗೆ ಪ್ರಚಾರಕ್ಕೆ ಕೊಟ್ಟ ಒಪ್ಪಿಗೆಯಲ್ಲ. ಮಗನ ಮುಖ ಎಲ್ಲಿ ಕಾಣಬೇಕೆಂದು ಮುಂದೆ ಅವನೇ ಹೇಳುವ ದಿನ ಬರಬಹುದು. ಅಲ್ಲಿಯವರೆಗೆ ಅವನ ಪರವಾಗಿ ನೀವು ಬೇಡ ಎಂದರೆ ಒಳ್ಳೆಯ ಸಂಸ್ಥೆ ಬೇಸರಿಸಿಕೊಳ್ಳುವುದಿಲ್ಲ.

ಯಜಮಾನರಿಗೆ ಇನ್ನೂ ಅನುಮಾನವಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೋ ಮೈಸೂರಿನ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲೋ ಒಮ್ಮೆ ತೋರಿಸಿ, ಸ್ಟೆಮ್ ಸೆಲ್ ಬಗ್ಗೆ ಅವರೇ ನೇರವಾಗಿ ಕೇಳಲಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿರದಿದ್ದರೆ ನಿಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು (ವಿಆರ್‌ಡಬ್ಲ್ಯು) ಕಾಣಿ. ನ್ಯಾಷನಲ್ ಟ್ರಸ್ಟ್‌ನ ‘ನಿರಾಮಯ’ ವಿಮೆಯಲ್ಲಿ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ ವೆಚ್ಚ ಸಿಗುತ್ತದೆ, ಥೆರಪಿಗೂ ಅದರಲ್ಲಿ ಪಾಲಿದೆ.

ಮುಂದಿನ ಸಲ ಸಂಸ್ಥೆಗೆ ಹೋಗುವಾಗ ಅತ್ತೆಯವರನ್ನೂ ಕರೆದುಕೊಂಡು ಹೋಗಿ, ಒಪ್ಪಿಗೆ ಪತ್ರವನ್ನು ಅವರೆದುರೇ ಓದಿಸಿ. ಅವರ ಪ್ರಶ್ನೆಗಳನ್ನು ಅವರೇ ಕೇಳಲಿ.