ಅರಕ್ಕೊಂದು ಎಲ್ಲೆ: ಚಾಕು ತಯಾರಿಕೆಯಲ್ಲಿ ಫೈಲ್ ಗೈಡಿನ ಆಯ್ಕೆ

ಅಲಗು ಎಷ್ಟೇ ಹರಿತವಾಗಿದ್ದರೂ, ಅದು ಹಿಡಿಯನ್ನು ಸೇರುವ ಸ್ಥಳದಲ್ಲಿ ಕೂದಲೆಳೆಯಷ್ಟು ಸಂದು ಉಳಿದಿದ್ದರೆ ಆ ಚಾಕುವನ್ನು ಬಲ್ಲವರು ಒಪ್ಪುವುದಿಲ್ಲ. ಸಂದಿನೊಳಕ್ಕೆ ನೀರಿಳಿಯುತ್ತದೆ, ನೀರಿನಿಂದ ತುಕ್ಕು ಹುಟ್ಟುತ್ತದೆ, ಕಾಲಕ್ರಮದಲ್ಲಿ ಹಿಡಿ ಸಡಿಲಗೊಳ್ಳುತ್ತದೆ. ಕಣ್ಣಳತೆಯನ್ನೇ ನಂಬಿ ಅರ ಹಾಕುವವನಿಗೆ ಈ ಸಂದನ್ನು ಪೂರ್ಣವಾಗಿ ನಿವಾರಿಸುವುದು ಬಹು ಕಷ್ಟ. ಅಂಥ ಕೆಲಸದಲ್ಲಿ ಕೈಗೆ ಎಲ್ಲೆಯನ್ನು ವಿಧಿಸುವ ಸರಳ ಸಾಧನವೇ ಫೈಲ್ ಗೈಡ್.

ಈ ಸಾಧನದ ಅಗತ್ಯವು ಅಮೆರಿಕದ ಸಂಯುಕ್ತ ಸಂಸ್ಥಾನಗಳ ಚಾಕು ಕಮ್ಮಾರರ ಪರೀಕ್ಷೆಯಲ್ಲಿ ಚೆನ್ನಾಗಿ ಕಂಡುಬರುತ್ತದೆ. ಬಿಲ್ ಮೊರಾನ್ (1925–2006) ಮತ್ತು ಅವರ ಸಂಗಡಿಗರು 1976ರಲ್ಲಿ ಅಮೆರಿಕನ್ ಬ್ಲೇಡ್‌ಸ್ಮಿತ್ ಸೊಸೈಟಿಯನ್ನು ಸ್ಥಾಪಿಸಿದರು. ಅಲ್ಲಿ ‘ಜರ್ನಿಮನ್’ ಪದವಿಯನ್ನು ಬಯಸುವವನು ತಾನು ಮಾಡಿದ ಚಾಕುವಿನಿಂದ ತೂಗುಬಿಟ್ಟ 1 ಅಂಗುಲ ದಪ್ಪದ ಹಗ್ಗವನ್ನು ಒಂದೇ ಏಟಿಗೆ ಕಡಿಯಬೇಕು. ಮರದ ತೊಲೆಯನ್ನು 2 ಬಾರಿ ಕತ್ತರಿಸಬೇಕು. ಆ ಬಳಿಕವೂ ಅಲಗು ತೋಳಿನ ಕೂದಲನ್ನು ಬೋಳಿಸುವಷ್ಟು ಹರಿತವಾಗಿರಬೇಕು. ಕೊನೆಗೆ ವೈಸಿನಲ್ಲಿ ಹಿಡಿದು 90 ಡಿಗ್ರಿ ಬಾಗಿಸಿದಾಗ ಅದು ಮುರಿಯಬಾರದು. ಇದರಲ್ಲಿ ಉತ್ತೀರ್ಣನಾದವನು ಮುಂದೆ 5 ಚಾಕುಗಳನ್ನು ತೀರ್ಪುಗಾರರ ಮುಂದಿಡುತ್ತಾನೆ. ಅವರು ಎಡಬಲಗಳ ಸಮತೆಯನ್ನೂ ಜೋಡಣೆಯ ಬಿಗಿಯನ್ನೂ ಪರಿಶೀಲಿಸುತ್ತಾರೆ. ಮೊದಲನೆಯದು ಉಕ್ಕಿನ ಹದದ ಪರೀಕ್ಷೆ. ಎರಡನೆಯದು ಕೈಯ ಶಿಸ್ತಿನ ಪರೀಕ್ಷೆ.

ಸಾಧನದ ಸ್ವರೂಪ

ಫೈಲ್ ಗೈಡ್ ಎಂದರೆ ಗಡಸುಗೊಳಿಸಿದ 2 ಉಕ್ಕಿನ ಪಟ್ಟಿಗಳು. ಇವುಗಳ ಎರಡು ತುದಿಗಳಲ್ಲೂ ಬೋಲ್ಟುಗಳಿದ್ದು, ಒಂದು ಪಟ್ಟಿ ಇನ್ನೊಂದರಿಂದ ಹಿಂದುಮುಂದಾಗದಂತೆ ಪಿನ್ನುಗಳು ತಡೆಯುತ್ತವೆ. ಹಿಡಿಯೊಳಗೆ ಹುದುಗುವ ಬಾಲವು ಅಲಗಿನಿಂದ ಕವಲೊಡೆಯುವ ಸ್ಥಳಕ್ಕೆ ‘ಹೆಗಲು’ ಎನ್ನಬಹುದು. ಪಟ್ಟಿಗಳ ಮೇಲ್ಮುಖವು ಹೆಗಲಿನ ಗೆರೆಗೆ ಸರಿಯಾಗಿ ಬರುವಂತೆ ಅಲಗನ್ನು ನಡುವೆ ಬಿಗಿದು, ಇಡೀ ಜೋಡಣೆಯನ್ನು ವೈಸಿನಲ್ಲಿ ಹಿಡಿಯಬೇಕು. ಅರವು ಪಟ್ಟಿಗಿಂತ ಮೇಲೆ ಉಳಿದ ಮೆತ್ತನೆಯ ಉಕ್ಕನ್ನಷ್ಟೇ ತಿನ್ನುತ್ತದೆ. ಪಟ್ಟಿಯನ್ನು ಮುಟ್ಟಿದೊಡನೆ ಜಾರುತ್ತದೆ. ಆಗ ಅರದ ಕರಕರ ಸದ್ದು ಅಡಗಿ ನುಣುಪಾದ ಸದ್ದು ಕೇಳುತ್ತದೆ. ಕೆಲಸ ಮುಗಿಯಿತೆಂಬುದನ್ನು ಕಣ್ಣಿಗಿಂತ ಮೊದಲು ಕಿವಿಯೇ ತಿಳಿಸುತ್ತದೆ.

ಗಡಸುತನದ ಪ್ರಶ್ನೆ

ಒಳ್ಳೆಯ ಕೈಅರದ ಗಡಸುತನವು ರಾಕ್‌ವೆಲ್ ‘ಸಿ’ ಮಾನದಲ್ಲಿ 60ನ್ನು ಮೀರಿರುತ್ತದೆ. ಗೈಡಿನ ಮುಖವು ಇದಕ್ಕಿಂತ ಬಹಳ ಮೆತ್ತಗಿದ್ದರೆ ಅರವು ಗೈಡನ್ನೇ ತಿನ್ನತೊಡಗುತ್ತದೆ. ಎಲ್ಲೆಯೇ ಸವೆದ ಮೇಲೆ ಅದನ್ನು ನಂಬಿದ ಕೆಲಸವೂ ಕೆಡುತ್ತದೆ. ಆದುದರಿಂದ ಸಾಮಾನ್ಯ ಕಬ್ಬಿಣದ ಪಟ್ಟಿಗಳು ಈ ಕೆಲಸಕ್ಕೆ ಬಾರವು. ಆಯ್ಕೆ ಇರುವುದು ಎರಡರ ನಡುವೆ: ಪೂರ್ಣ ಗಡಸುಗೊಳಿಸಿದ ಹತ್ಯಾರು ಉಕ್ಕು ಒಂದು, ಉಕ್ಕಿನ ಪಟ್ಟಿಯ ಮೇಲೆ ಟಂಗ್‌ಸ್ಟನ್ ಕಾರ್ಬೈಡಿನ ಬಿಲ್ಲೆಗಳನ್ನು ಕೂರಿಸಿದುದು ಇನ್ನೊಂದು.

ಕೈಅರದಿಂದಲೇ ಕೆಲಸ ಮಾಡುವವನಿಗೆ ಮೊದಲನೆಯದು ಸಾಕು. ಆದರೆ ತಿರುಗುವ ಅರಳುಕಾಗದದ ಪಟ್ಟಿಗೆ, ಅಂದರೆ ಬೆಲ್ಟ್ ಗ್ರೈಂಡರಿಗೆ, ಅಲಗನ್ನು ಗೈಡಿನೊಡನೆಯೇ ಒಡ್ಡುವವನು ಕಾರ್ಬೈಡನ್ನು ಆರಿಸಿಕೊಳ್ಳುವುದು ಲೇಸು. ಪಟ್ಟಿಯ ಮೇಲಿನ ಉಜ್ಜುಕಣಗಳು ಉಕ್ಕಿಗಿಂತ ಗಡಸಾದವು. ಉಕ್ಕಿನ ಗೈಡನ್ನು ಅವು ಬೇಗನೆ ಸವೆಸುತ್ತವೆ. ಕಾರ್ಬೈಡಿಗೂ ದೋಷಗಳುಂಟು. ಅದರ ಬೆಲೆ ಹೆಚ್ಚು. ಕಲ್ಲುನೆಲದ ಮೇಲೆ ಬಿದ್ದರೆ ಅಂಚು ಚಕ್ಕೆ ಏಳಬಹುದು. ಅದರ ಮೇಲೆ ಒತ್ತಿ ಉಜ್ಜಿದ ಅರದ ಹಲ್ಲುಗಳು ಬೇಗ ಮೊಂಡಾಗುತ್ತವೆ. ಯಾವ ಗೈಡಾದರೂ ಅಲಗನ್ನು ಕಾಯುವುದು ಅರದ ಆಯುಷ್ಯದಿಂದಲೇ. ಆದ್ದರಿಂದ ಹೆಚ್ಚಿನ ಉಕ್ಕನ್ನು ಗೈಡಿಲ್ಲದೆ ತೆಗೆದು, ಸುಮಾರು 1 ಮಿಲಿಮೀಟರ್ ಉಳಿದಾಗ ಗೈಡನ್ನು ಬಿಗಿದು, ಕೊನೆಯ ಎಳೆತಗಳನ್ನು ಹಳೆಯ ಅರದಿಂದ ಹಗುರವಾಗಿ ಹಾಕುವುದು ಜಾಣತನ.

ಅಳತೆ ಮತ್ತು ಪರೀಕ್ಷೆ

ಗೈಡಿನ ಎರಡು ಬೋಲ್ಟುಗಳ ನಡುವಣ ಅಂತರವು ಮಾಡಬೇಕೆಂದಿರುವ ಅತ್ಯಂತ ಅಗಲದ ಅಲಗಿಗಿಂತ ಹೆಚ್ಚಾಗಿರತಕ್ಕದ್ದು. ಪಿನ್ನುಗಳು ಸಡಿಲವಾಗಿದ್ದರೆ ಒಂದು ಪಟ್ಟಿ ಮುಂದೆ ಸರಿದು, ಅಲಗಿನ ಒಂದು ಬದಿಯ ಹೆಗಲು ಇನ್ನೊಂದಕ್ಕಿಂತ ಎತ್ತರವಾಗುತ್ತದೆ. ತೀರ ಬಿಗಿಯಾಗಿದ್ದರೆ, ಬೆನ್ನಿನಿಂದ ಬಾಯಿಯ ಕಡೆಗೆ ತೆಳುವಾಗುವ ಅಲಗನ್ನು ಹಿಡಿಯುವಾಗ ಪಟ್ಟಿಗಳು ಸಿಕ್ಕಿಕೊಳ್ಳುತ್ತವೆ. ಇದಕ್ಕೆ ಪರಿಹಾರವು ಸಾಧನಕ್ಕಿಂತ ಹೆಚ್ಚಾಗಿ ಕೆಲಸದ ಕ್ರಮದಲ್ಲಿದೆ: ಅಲಗಿನ ಎರಡು ಬದಿಗಳೂ ಇನ್ನೂ ಸಮಾಂತರವಾಗಿರುವಾಗಲೇ ಹೆಗಲುಗಳನ್ನು ತೀರಿಸಿ, ಅನಂತರ ಇಳಿಜಾರನ್ನು ಮಸೆಯಬೇಕು.

ಕೊಳ್ಳುವ ಮುನ್ನ 2 ಪರೀಕ್ಷೆಗಳು ಅವಶ್ಯ. ಪಟ್ಟಿಗಳನ್ನು ಬಿಗಿದು, ಮೇಲ್ಮುಖಗಳ ಮೇಲೆ ನೇರವಾದ ಉಕ್ಕಿನ ಅಳತೆಪಟ್ಟಿಯನ್ನು ಅಡ್ಡವಾಗಿಟ್ಟು ಬೆಳಕಿಗೆ ಹಿಡಿಯಬೇಕು. ಸಂದಿನಲ್ಲಿ ಬೆಳಕು ತೂರಬಾರದು. ಬಳಿಕ ಸಮನಾದ ಉಕ್ಕಿನ ತುಂಡೊಂದನ್ನು ನಡುವೆ ಹಿಡಿದು, ಅದರ ಎರಡು ಬದಿಗಳಲ್ಲೂ ಗೈಡಿನ ಅಂಚಿಗೆ ಗೆರೆ ಕೊರೆಯಬೇಕು. ತುಂಡನ್ನು ಹೊರತೆಗೆದು ಒಂದು ಬದಿಯ ಗೆರೆಯನ್ನು ಮೂಲೆಮಟ್ಟದಿಂದ ಅಂಚಿನ ಮೇಲೆ ಹಾಯಿಸಿದರೆ, ಅದು ಇನ್ನೊಂದು ಬದಿಯ ಗೆರೆಯನ್ನು ಕೂಡಬೇಕು. ಕೂಡದಿದ್ದರೆ ಆ ಗೈಡ್ ತನ್ನ ದೋಷವನ್ನು ಪ್ರತಿಯೊಂದು ಅಲಗಿಗೂ ದಾಟಿಸುತ್ತದೆ.

ಒಳಮೂಲೆಯ ಅಪಾಯ

ಗೈಡ್ ಒದಗಿಸುವ ನೇರವಾದ ಹೆಗಲಿನಲ್ಲಿಯೇ ಒಂದು ಅಪಾಯವೂ ಅಡಗಿದೆ. ಹೆಗಲೂ ಬಾಲವೂ ಕೂಡುವ ಒಳಮೂಲೆಯನ್ನು ಚೂಪಾಗಿ ಬಿಟ್ಟರೆ, ಬಾಗಿಸುವಾಗ ಉಂಟಾಗುವ ಒತ್ತಡವೆಲ್ಲ ಆ ಒಂದು ಬಿಂದುವಿನಲ್ಲಿ ಸಂಗ್ರಹವಾಗುತ್ತದೆ. ಕೆಂಪಗೆ ಕಾದ ಅಲಗನ್ನು ಎಣ್ಣೆಯಲ್ಲಿ ತಣಿಸುವಾಗ ಬಿರುಕು ಹುಟ್ಟುವ ಸಂಭವವೂ ಅಲ್ಲಿಯೇ ಹೆಚ್ಚು. ನೋಟಕ್ಕೆ ನಿರ್ದೋಷವಾದ ಚಾಕು ಬಳಸುವವನ ಕೈಯಲ್ಲಿ ಬಾಲದ ಬಳಿ ಮುರಿದರೆ ಗಾಯವಾಗುವುದು ಅವನಿಗೆ. ಆದಕಾರಣ ಒಳಮೂಲೆಯನ್ನು ಸಣ್ಣ ದುಂಡು ಅರದಿಂದ ಬಳಸಾಗಿ ತಿದ್ದಬೇಕು; ಅದರ ಮೇಲೆ ಕೂರುವ ಲೋಹದ ತಡೆಯ ರಂಧ್ರವನ್ನೂ ಅದಕ್ಕೆ ತಕ್ಕಂತೆ ಸ್ವಲ್ಪ ಸಡಿಲಿಸಬೇಕು. ಅಲಗಿನ ಇಳಿಜಾರು ಆರಂಭವಾಗುವ ಗೆರೆಗೂ ಇದೇ ನಿಯಮ. ಆ ಕೆಲಸಕ್ಕೆ ಅಂಚನ್ನು ತುಸು ದುಂಡಾಗಿಸಿದ ಗೈಡ್ ಉತ್ತಮ. ಹೆಗಲಿಗೆ ಚೂಪು ಅಂಚಿನದೇ ಸರಿ.

ಸ್ವಂತ ತಯಾರಿ

ಕೊಳ್ಳಲು ಹಣವಿಲ್ಲದ ಕಲಿಕೆಯವನು ಗೈಡನ್ನು ತಾನೇ ಮಾಡಿಕೊಳ್ಳಬಹುದು. ಸವೆದ ದಪ್ಪ ಅರವೊಂದನ್ನು ಕೆಂಪಗೆ ಕಾಯಿಸಿ, ಬೂದಿಯಲ್ಲಿ ಹೂತು ನಿಧಾನವಾಗಿ ಆರಿಸಿದರೆ ಅದು ಮೆತ್ತಗಾಗುತ್ತದೆ. ಹಲ್ಲುಗಳನ್ನು ತೆಗೆದು, 2 ತುಂಡು ಮಾಡಿ, ಎರಡನ್ನೂ ಒಟ್ಟಿಗೆ ಹಿಡಿದು ರಂಧ್ರ ಕೊರೆಯಬೇಕು. ಆಗ ರಂಧ್ರಗಳು ಒಂದಕ್ಕೊಂದು ಸರಿಹೊಂದುತ್ತವೆ. ಮರಳಿ ಕಾಯಿಸಿ ತಣಿಸಿದಾಗ ಪಟ್ಟಿಗಳು ತುಸು ಬಾಗುವುದುಂಟು. ಆದ್ದರಿಂದ ಕೊನೆಯಲ್ಲಿ ಎರಡನ್ನೂ ಬಿಗಿದು, ಸಮತಟ್ಟಾದ ದಪ್ಪ ಗಾಜಿನ ಮೇಲೆ ಅರಳುಕಾಗದವನ್ನಿಟ್ಟು, ಮೇಲ್ಮುಖಗಳು ಒಂದೇ ಮಟ್ಟಕ್ಕೆ ಬರುವ ತನಕ ಉಜ್ಜಬೇಕು. ಇದು ಕೆಲವು ದಿನಗಳ ದುಡಿಮೆ. ಆದರೆ ಉಕ್ಕಿನ ಗುಣವನ್ನೂ ಸಮತೆಯ ಅರ್ಥವನ್ನೂ ಇದರಷ್ಟು ಚೆನ್ನಾಗಿ ಕಲಿಸುವ ಪಾಠ ಬೇರೊಂದಿಲ್ಲ.

ಉಪಸಂಹಾರ

ಕೈಅರದವನಿಗೆ ಗಡಸು ಉಕ್ಕು, ಯಂತ್ರದವನಿಗೆ ಕಾರ್ಬೈಡ್, ಕಲಿಯುವವನಿಗೆ ತಾನೇ ಮಾಡಿಕೊಂಡದ್ದು: ಸ್ಥೂಲವಾಗಿ ಇದೇ ಆಯ್ಕೆಯ ಸೂತ್ರ. ಆದರೆ ಬೆಲೆಬಾಳುವ ಗೈಡನ್ನು ಓರೆಯಾಗಿ ಬಿಗಿದರೆ ಹೆಗಲೂ ಓರೆಯಾಗಿಯೇ ಬರುತ್ತದೆ. ಸಾಧನವು ಅರವನ್ನು ತಡೆಯಬಲ್ಲದು. ಎಲ್ಲೆಯನ್ನು ಎಲ್ಲಿ ಇಡಬೇಕೆಂಬುದನ್ನು ಗೊತ್ತುಮಾಡುವ ಹೊಣೆ ಕೆಲಸಗಾರನದೇ. ಬಿಗಿಯುವ ಮುನ್ನ ಮೂಲೆಮಟ್ಟವನ್ನು ಇನ್ನೊಮ್ಮೆ ಇಟ್ಟು ನೋಡುವವನ ಕೈಯಲ್ಲಿ ಸಾಧಾರಣ ಗೈಡೂ ಚೊಕ್ಕ ಕೆಲಸವನ್ನು ಕೊಡುತ್ತದೆ.