ಸಫಾರಿಯ ನಾಡು ಮತ್ತು ಕಣೇಕಲ್ಲಿನ ಕೃಷ್ಣಮೃಗ

‘ಸಫಾರಿ’ ಎಂಬುದು ಪೂರ್ವ ಆಫ್ರಿಕದ ಸ್ವಾಹಿಲಿ ಭಾಷೆಯ ಪದ. ಅದರ ಅರ್ಥ ಪ್ರಯಾಣ ಎಂದಷ್ಟೆ. ಸ್ವಾಹಿಲಿಗೆ ಅದು ಅರಬ್ಬಿಯ ‘ಸಫರ್’ ಮೂಲದಿಂದ ಬಂದಿದೆ. ಕನ್ನಡದಲ್ಲಿ ಬಳಕೆಯಲ್ಲಿರುವ ‘ಮುಸಾಫಿರ’, ‘ಮುಸಾಫರಖಾನೆ’ ಎಂಬ ಪದಗಳೂ ಅದೇ ಮೂಲದವು. ಪಾಠವನ್ನು ಈ ಪದದಿಂದ ಆರಂಭಿಸಿದರೆ ದೂರದ ಟಾಂಜಾನಿಯ ದೇಶವು ತರಗತಿಗೆ ಸ್ವಲ್ಪ ಹತ್ತಿರವಾಗುತ್ತದೆ.

ಟಾಂಜಾನಿಯದ ಸೆರೆಂಗೆಟಿ ರಾಷ್ಟ್ರೀಯ ಉದ್ಯಾನವು 1951ರಲ್ಲಿ ಸ್ಥಾಪಿತವಾಯಿತು. ಅದರ ವಿಸ್ತೀರ್ಣ 14,763 ಚದರ ಕಿಲೋಮೀಟರು. ದನಗಾಹಿಗಳಾದ ಮಾಸಾಯಿ ಜನರ ಭಾಷೆಯಲ್ಲಿ ಈ ಹೆಸರಿಗೆ ಕೊನೆಯಿಲ್ಲದ ಬಯಲು ಎಂಬ ಅರ್ಥವಿದೆ. ಸುಮಾರು 13 ಲಕ್ಷ ವಿಲ್ಡೆಬೀಸ್ಟ್‌ಗಳು ಮಳೆಯನ್ನೂ ಚಿಗುರುಹುಲ್ಲನ್ನೂ ಅನುಸರಿಸಿ ಪ್ರತಿವರ್ಷ ಈ ಬಯಲನ್ನು ಸುತ್ತುತ್ತವೆ. ಆದರೆ ಈ ಸಂಖ್ಯೆ ಅನಾದಿಯಿಂದ ಹೀಗೆಯೇ ಇದ್ದುದಲ್ಲ. 1890ರ ದಶಕದಲ್ಲಿ ನಮ್ಮ ರೈತರು ದೊಡ್ಡರೋಗವೆಂದು ಕರೆಯುತ್ತಿದ್ದ ಜಾನುವಾರು ವ್ಯಾಧಿಯು ಅಲ್ಲಿ ಹಬ್ಬಿ, ಮಾಸಾಯಿಗಳ ದನಗಳನ್ನೂ ಕಾಡುಮೃಗಗಳನ್ನೂ ಒಟ್ಟಿಗೆ ಬಲಿ ತೆಗೆದುಕೊಂಡಿತು. ಊರದನಗಳಿಗೆ ಲಸಿಕೆ ಹಾಕಿದ ಮೇಲೆ, 1960ರ ದಶಕದಿಂದ, ಕಾಡಿನಲ್ಲಿಯೂ ರೋಗವು ಅಡಗಿ ವಿಲ್ಡೆಬೀಸ್ಟ್‌ಗಳ ಸಂಖ್ಯೆ ಹಲವು ಪಟ್ಟು ಏರಿತು. ದನದ ಕೊಟ್ಟಿಗೆಗೂ ಕಾಡಿಗೂ ಇರುವ ಸಂಬಂಧವನ್ನು ತಿಳಿಸಲು ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ. ಆ ದನಗಳ ಒಡೆಯರಾದ ಮಾಸಾಯಿಗಳನ್ನು ಮಾತ್ರ 1959ರಲ್ಲಿ ಉದ್ಯಾನದಿಂದ ಹೊರಗೆ, ನೆರೆಯ ಗೊರೊಂಗೊರೊ ಪ್ರದೇಶಕ್ಕೆ ಕಳುಹಿಸಲಾಯಿತು. ಪ್ರವಾಸಿಗರ ಚಿತ್ರಗಳಲ್ಲಿ ಬಯಲು ನಿರ್ಜನವಾಗಿ ಕಾಣುವುದಕ್ಕೆ ಈ ಇತಿಹಾಸವೂ ಒಂದು ಕಾರಣ.

ಇಂಥ ಹುಲ್ಲುಬಯಲು ಆಫ್ರಿಕದಲ್ಲಿ ಮಾತ್ರ ಇದೆಯೆಂದು ವಿದ್ಯಾರ್ಥಿಗಳು ಭಾವಿಸಬಾರದು. ಮಳೆ ಕಡಿಮೆಯಿರುವ ಅನಂತಪುರದ ಸೀಮೆಯಲ್ಲಿ ಮರಗಳಿಗಿಂತ ಹುಲ್ಲು, ಜಾಲಿ, ಕುರುಚಲು ಗಿಡಗಳೇ ಹೆಚ್ಚು. ಹಗರಿ ಎಂದೂ ಹೆಸರಿರುವ ವೇದಾವತಿಯ ದಡದಲ್ಲಿ, ಕಣೇಕಲ್ಲು ಬೊಮ್ಮನಹಾಳುಗಳ ಸುತ್ತ, ಮರಳ ದಿಬ್ಬಗಳೂ ಇವೆ. ಇಂಥ ನೆಲಕ್ಕೆ ಸರ್ಕಾರಿ ಕಡತಗಳು ಇಟ್ಟ ಹೆಸರು ಬಂಜರು, ಬೀಳು. ಆ ಹೆಸರುಗಳು ನ್ಯಾಯವಾದವುಗಳಲ್ಲ. ಕುರಿಗಾಹಿಗಳಿಗೆ ಅದು ಮೇವಿನ ನೆಲ; ಆಂಧ್ರಪ್ರದೇಶದ ರಾಜ್ಯಪ್ರಾಣಿಯಾದ ಕೃಷ್ಣಮೃಗಕ್ಕೆ ಅದು ಮನೆ.

ಕೃಷ್ಣಮೃಗವನ್ನು ಜನರು ಜಿಂಕೆಯೆಂದೇ ಕರೆಯುತ್ತಾರೆ. ಶಾಸ್ತ್ರೀಯವಾಗಿ ಅದು ಚುಕ್ಕೆ ಜಿಂಕೆಯ ಜಾತಿಗೆ ಸೇರಿದುದಲ್ಲ. ಚುಕ್ಕೆ ಜಿಂಕೆಯ ಕವಲುಗೊಂಬು ಉದುರಿ ಮತ್ತೆ ಬೆಳೆಯುತ್ತದೆ. ಕೃಷ್ಣಮೃಗದ ತಿರುಚಿದ ಕೊಂಬು ದನ, ಆಡುಗಳ ಕೊಂಬಿನಂತೆ ಜೀವನಪರ್ಯಂತ ಉಳಿಯುತ್ತದೆ. ಸೆರೆಂಗೆಟಿಯ ಥಾಮ್ಸನ್ ಗಜೆಲ್ ಅದರ ಹತ್ತಿರದ ಬಂಧು. ಬಲಿತ ಗಂಡಿನ ಮೈ ಮೇಲ್ಭಾಗದಲ್ಲಿ ಕಪ್ಪು, ಹೊಟ್ಟೆ ಬಿಳಿ. ಹೆಣ್ಣು ಕಂದುಬಣ್ಣದ್ದು, ಸಾಮಾನ್ಯವಾಗಿ ಕೊಂಬಿಲ್ಲದ್ದು. ಅದರ ಮಿಂಚಿನ ಓಟವು ಚೀತಾದಂಥ ವೈರಿಯಿಂದ ತಪ್ಪಿಸಿಕೊಳ್ಳಲು ರೂಢಿಯಾದದ್ದೆಂದು ಜೀವಶಾಸ್ತ್ರಜ್ಞರು ಹೇಳುತ್ತಾರೆ. ಭಾರತದಲ್ಲಿ ಚೀತಾ ನಶಿಸಿತೆಂದು 1952ರಲ್ಲಿ ಘೋಷಿಸಲಾಯಿತು. ವೈರಿ ಹೋದರೂ ಓಟ ಉಳಿದಿದೆ.

ಕಣೇಕಲ್ಲಿನ ಕಡೆ ಈ ಮೃಗಕ್ಕೆ ಬೇಲಿಯೂ ಇಲ್ಲ, ಉದ್ಯಾನವೂ ಇಲ್ಲ. ಬೀಳುನೆಲವೆಲ್ಲ ಹೊಲವಾದಂತೆ ಹಿಂಡುಗಳು ಹೊಲಕ್ಕೇ ಇಳಿದಿವೆ. ಶೇಂಗಾ, ಕಡಲೆ ಮೊಳೆತ ವಾರದಲ್ಲಿಯೇ ಎಳೆಯ ಸಸಿಗಳನ್ನು ಅವು ಮೇಯುತ್ತವೆ. ಸಾಲ ಮಾಡಿ ಬೀಜ ತಂದ ರೈತನು ಮತ್ತೆ ಬಿತ್ತಬೇಕು, ಇಲ್ಲವೆ ಇರುಳೆಲ್ಲ ಹೊಲ ಕಾಯಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಈ ಪ್ರಾಣಿಯಿದೆ. ಕೊಂದವರಿಗೆ 3ರಿಂದ 7 ವರ್ಷಗಳ ಸೆರೆ. ಸೆರೆಂಗೆಟಿಯಲ್ಲಿ ಮನುಷ್ಯರಿಗೂ ಮೃಗಗಳಿಗೂ ನಡುವೆ ಗೆರೆ ಎಳೆದರು, ಅದರ ಬೆಲೆಯನ್ನು ಮಾಸಾಯಿಗಳು ತೆತ್ತರು. ಇಲ್ಲಿ ಗೆರೆಯೇ ಇಲ್ಲ. ಬೆಲೆಯನ್ನು ಒಣಬೇಸಾಯದ ರೈತನು ತೆರುತ್ತಿದ್ದಾನೆ.

ಈ ಪಾಠವನ್ನು ಬೋಧಿಸುವ ಶಿಕ್ಷಕರು ‘ಮೃಗಗಳನ್ನು ರಕ್ಷಿಸಬೇಕು’ ಎಂಬ ಒಂದೇ ವಾಕ್ಯವನ್ನು ಬರೆಸಿ ಮುಗಿಸುವುದು ಯುಕ್ತವಲ್ಲ. ತರಗತಿಯಲ್ಲಿ ಬೆಳೆ ಕಳೆದುಕೊಂಡ ಮನೆಯ ಮಕ್ಕಳು ಇರಬಹುದು; ಅವರ ಅನುಭವಕ್ಕೆ ಮೊದಲು ಅವಕಾಶವಿರಲಿ. ಯಾವ ತಿಂಗಳಲ್ಲಿ, ದಿನದ ಯಾವ ಹೊತ್ತಿನಲ್ಲಿ, ಎಷ್ಟು ಮೃಗಗಳು ಬರುತ್ತವೆ, ಯಾವ ಬೆಳೆಯನ್ನು ಮುಟ್ಟುವುದಿಲ್ಲ ಎಂಬುದನ್ನು ಹಿರಿಯರಿಂದ ಕೇಳಿ ಬರೆದು ತರಲು ಹೇಳಬಹುದು. ಮಡಕಶಿರಾ ಕಡೆಯ ಶಾಲೆಗಳಿಗೆ ಗಡಿಯಾಚೆ, ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿರುವ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವು ಸಮೀಪದಲ್ಲಿದೆ. 2007ರಲ್ಲಿ ಘೋಷಿತವಾದ ಅದರ ವಿಸ್ತೀರ್ಣ 798 ಎಕರೆ ಮಾತ್ರ; ಸೆರೆಂಗೆಟಿಯಲ್ಲಿ ಅಂಥವು ಎಷ್ಟು ಹಿಡಿಯುತ್ತವೆ ಎಂಬುದು ಗಣಿತದ ಅವಧಿಗೆ ತಕ್ಕ ಲೆಕ್ಕ.

ಪ್ರಾಣಿಯ ಹೆಸರುಗಳನ್ನೂ ಸಂಗ್ರಹಿಸಬೇಕು. ಉತ್ತರ ಕರ್ನಾಟಕದವರಿಗೆ ಅದು ಚಿಗರಿ. ಕನ್ನಡ ಕಾವ್ಯಗಳ ‘ಎರಲೆ’, ತೆಲುಗಿನ ‘ಇರ್ರಿ’, ತಮಿಳಿನ ‘ಇರಲೈ’ ಒಂದೇ ಬುಡದಿಂದ ಕವಲೊಡೆದ ಪದಗಳು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು ಆಡುವ ಮಗು ಯಾವ ಹೆಸರನ್ನು ಹೇಳಿದರೂ ಅದನ್ನು ತಿದ್ದದೆ, ಕಪ್ಪುಹಲಗೆಯ ಮೇಲೆ ಉಳಿದವುಗಳ ಪಕ್ಕದಲ್ಲಿಯೇ ಬರೆಯುವುದು.