ಇಳಿವಯಸ್ಸಿನ ಹಗೇವು: ಒಕ್ಕಲುತನದವರು ಮುಪ್ಪಿಗಾಗಿ ಮಾಡಿಕೊಳ್ಳತಕ್ಕ ಹಣಕಾಸಿನ ಏರ್ಪಾಡು

ನಮ್ಮ ಬಯಲುಸೀಮೆಯ ಹಿರಿಯರು ಸುಗ್ಗಿ ಮುಗಿದೊಡನೆ ಜೋಳವನ್ನೆಲ್ಲ ಮಾರಿ ಬಿಡುತ್ತಿರಲಿಲ್ಲ. ಗಟ್ಟಿ ನೆಲವನ್ನು ಆರಿಸಿ ಹಗೇವು ತೋಡಿ, ಒಳಮೈಗೆ ಹುಲ್ಲು ಹೊಟ್ಟುಗಳನ್ನು ಹೊದಿಸಿ, ಕಾಳು ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ೧೮೭೬-೭೮ರ ಧಾತು ಈಶ್ವರ ಸಂವತ್ಸರಗಳ ಕ್ಷಾಮವನ್ನು ಕಂಡ ಸೀಮೆಗೆ ಈ ಬುದ್ಧಿಯನ್ನು ಹೊರಗಿನವರು ಹೇಳಿಕೊಡಬೇಕಾಗಿರಲಿಲ್ಲ. ಬರಗಾಲವು ಯಾವ ವರ್ಷ ಬರುವುದೆಂದು ತಿಳಿಯದಿದ್ದರೂ ಅದಕ್ಕೆ ಸಿದ್ಧರಾಗಿರುತ್ತಿದ್ದ ಜನರು, ತಪ್ಪದೆ ಬರುವ ಮತ್ತು ಬರುವ ಕಾಲವೂ ಗೊತ್ತಿರುವ ಮುಪ್ಪಿಗಾಗಿ ಇಂದಿಗೂ ಹೆಚ್ಚಿನ ಏರ್ಪಾಡನ್ನು ಮಾಡಿಕೊಳ್ಳದಿರುವುದು ಸೋಜಿಗವಾಗಿದೆ. ಗುರುಮಠಕಲ್, ಯಾದಗಿರಿ, ಶಹಾಪುರ, ಸುರಪುರ ಭಾಗಗಳ ಗ್ರಾಮಮುಖ್ಯರೂ ಭೂಮಾಲಿಕರೂ ಈ ವಿಷಯವನ್ನು ಪರ್ಯಾಲೋಚಿಸುವುದು ಅವಶ್ಯವಾದುದರಿಂದ ಅದರ ಮುಖ್ಯಾಂಶಗಳನ್ನು ಕೆಳಗೆ ವಿವರಿಸಿದೆ.

೧. ಹಳೆಯ ಆಧಾರಗಳ ಸ್ಥಿತಿ

ಸರಕಾರದ ನೌಕರನಿಗೆ ನಿವೃತ್ತಿಯ ದಿನವೊಂದು ಗೊತ್ತಾಗಿರುತ್ತದೆ. ಒಕ್ಕಲಿಗನಿಗೆ ಅಂಥ ದಿನವಿಲ್ಲ. ಗಳೆ ಹೂಡುವ ಶಕ್ತಿಯು ಕುಂದಿದ ದಿನವೇ ಅವನ ನಿವೃತ್ತಿ. ಪೂರ್ವದಲ್ಲಿ ಅವನಿಗೆ ಮೂರು ಆಧಾರಗಳಿದ್ದುವು: ಮನೆತನದ ವತನ, ಒಟ್ಟು ಕುಟುಂಬ, ಮತ್ತು ಲಾವಣಿಗೆ ಕೊಟ್ಟ ಭೂಮಿಯ ಗುತ್ತಿಗೆ. ಗೌಡಕಿ ಕುಲಕರ್ಣಿಕೆಗಳ ವಂಶಪಾರಂಪರ್ಯದ ಹಕ್ಕುಗಳು ೧೯೬೧ರ ಗ್ರಾಮಾಧಿಕಾರ ರದ್ದಿಯಾತಿ ಕಾಯಿದೆಯಿಂದಾಗಿ ೧೯೬೩ರ ಫೆಬ್ರವರಿ ೧ರಂದು ಕೊನೆಗೊಂಡುವು. ಭೂಸುಧಾರಣೆಯ ಕಾಯಿದೆಗೆ ೧೯೭೪ರಲ್ಲಿ ಆದ ತಿದ್ದುಪಡಿಯ ತರುವಾಯ ಭೂಮಿಯನ್ನು ಗೇಣಿಗೆ ಕೊಡುವುದಕ್ಕೆ ಬಹುಮಟ್ಟಿಗೆ ನಿಷೇಧವಿರುವುದರಿಂದ, ಬಾಯಿಮಾತಿನ ಲಾವಣಿಗೆ ಕಾಯಿದೆಯ ಬಲವಿಲ್ಲ. ಅಂಥ ಹಣವನ್ನೇ ನಂಬಿ ಮುಪ್ಪನ್ನು ಕಳೆಯುವೆನೆಂಬುದು ಅವಿವೇಕ. ಇನ್ನು ಒಟ್ಟು ಕುಟುಂಬದ ಮಾತು. ಈ ಜಿಲ್ಲೆಯ ಎಷ್ಟೋ ಮನೆಗಳ ತರುಣರು ಹೈದರಾಬಾದು, ಬೆಂಗಳೂರು, ಪುಣೆ, ಮುಂಬಯಿಗಳಿಗೆ ದುಡಿಮೆಗಾಗಿ ಹೋಗುತ್ತಿರುವುದು ಎಲ್ಲರಿಗೂ ತಿಳಿದ ಸಂಗತಿ. ಮಕ್ಕಳು ಪ್ರೀತಿ ಇಲ್ಲದವರೆಂದು ಇದರ ಅರ್ಥವಲ್ಲ; ಅವರ ಆದಾಯವು ಅವರ ಬಾಡಿಗೆಗೂ ಮಕ್ಕಳ ಓದಿಗೂ ಸಾಲುವುದೇ ಕಷ್ಟವಾಗಿದೆಯೆಂಬುದೇ ಅದರ ಅರ್ಥ. ಆದ ಕಾರಣ ಮಕ್ಕಳ ಸಹಾಯವನ್ನು ಬಂದರೆ ಲಾಭವೆಂದು ಎಣಿಸಬೇಕೇ ಹೊರತು, ಲೆಕ್ಕದ ಮೊದಲನೆಯ ಸಾಲಿನಲ್ಲಿ ಬರೆಯಕೂಡದು.

೨. ಒಕ್ಕಲಿಗನ ಆದಾಯದ ಸ್ವಭಾವ

ನಾರಾಯಣಪುರದ ಎಡದಂಡೆ ಕಾಲುವೆಯ ನೀರು ಶಹಾಪುರ ಸುರಪುರಗಳ ಎಷ್ಟೋ ಭೂಮಿಗೆ ಆಸರೆಯಾಗಿದೆ. ಗುರುಮಠಕಲ್ ಭಾಗವಾದರೋ ಬಹುಮಟ್ಟಿಗೆ ಮಳೆಯನ್ನೂ ಕೆರೆ ಬಾವಿಗಳನ್ನೂ ನಂಬಿದೆ. ಇಲ್ಲಿಯ ಆದಾಯವು ತಿಂಗಳು ತಿಂಗಳಿಗೆ ಬರುವಂಥದಲ್ಲ. ವರ್ಷಕ್ಕೆ ಒಂದೆರಡು ಸಲ ರಾಶಿಯಾಗಿ ಬರುತ್ತದೆ, ಕೆಲವು ವರ್ಷ ಬರುವುದೇ ಇಲ್ಲ. ಮಳೆಯ ಜೊತೆಗೆ ಧಾರಣೆಯೂ ಏರಿಳಿಯುತ್ತದೆ. ತೊಗರಿಯ ಧಾರಣೆಯು ೨೦೧೫ರ ಕೊನೆಯಲ್ಲಿ ಕ್ವಿಂಟಾಲಿಗೆ ಹತ್ತು ಸಾವಿರ ರೂಪಾಯಿಯನ್ನು ಮೀರಿತು. ಅದನ್ನು ಕಂಡು ಎಲ್ಲರೂ ತೊಗರಿಯನ್ನೇ ಬಿತ್ತಿದರು, ಮಳೆಯೂ ಒದಗಿತು, ಮರುವರ್ಷದ ಸುಗ್ಗಿಯಲ್ಲಿ ಸರಕಾರವು ೫,೦೫೦ ರೂಪಾಯಿಯ ಬೆಂಬಲ ಬೆಲೆಯನ್ನು ಗೊತ್ತುಮಾಡಿದ್ದರೂ ಪೇಟೆಯ ಧಾರಣೆಯು ಅದಕ್ಕಿಂತ ಕೆಳಗಿಳಿಯಿತು. ಮೊದಲನೆಯ ವರ್ಷದ ಹೆಚ್ಚುವರಿಯನ್ನು ತೆಗೆದಿರಿಸಿದವರಿಗೆ ಎರಡನೆಯ ವರ್ಷವು ಭಾರವಾಗಲಿಲ್ಲ. ಅದನ್ನು ಮದುವೆಯ ಆಡಂಬರಕ್ಕೂ ಹೊಸ ವಾಹನಕ್ಕೂ ಹಾಕಿದವರು ಸಾಲಕ್ಕೆ ಕೈಯೊಡ್ಡಬೇಕಾಯಿತು.

ಇದರಿಂದ ಹೊರಡುವ ನಿಯಮವಿಷ್ಟೆ: ಉಳಿತಾಯವನ್ನು ತಿಂಗಳ ಲೆಕ್ಕದಿಂದಲ್ಲ, ರಾಶಿಯ ಲೆಕ್ಕದಿಂದ ಮಾಡಬೇಕು. ಅಡತಿಯ ಪಟ್ಟಿ ಕೈಗೆ ಬಂದ ದಿನವೇ, ಮನೆಗೆ ಹೋಗುವ ಮೊದಲು, ಹತ್ತರಲ್ಲಿ ಒಂದು ಪಾಲನ್ನು ಮುಪ್ಪಿನ ಖಾತೆಗೂ, ಇನ್ನೊಂದು ಪಾಲನ್ನು ಬರಗಾಲದ ಖಾತೆಗೂ ಹಾಕತಕ್ಕದ್ದು. ಫಸಲು ಚೆನ್ನಾಗಿ ಬಂದ ವರ್ಷ ಈ ಪಾಲುಗಳನ್ನು ಇಮ್ಮಡಿಸಬೇಕು. ಈ ಎರಡು ಖಾತೆಗಳನ್ನು ಬೆರೆಸಕೂಡದು. ಬೆರೆಸಿದರೆ ಬರಗಾಲವು ಮುಪ್ಪಿನ ಪಾಲನ್ನೂ ತಿಂದುಬಿಡುವುದು.

೩. ಒಂದು ಮನೆಯ ಲೆಕ್ಕ

ದೃಷ್ಟಾಂತಕ್ಕಾಗಿ ಹನ್ನೆರಡು ಎಕರೆ ಖುಷ್ಕಿ ಭೂಮಿಯುಳ್ಳ ೪೫ ವಯಸ್ಸಿನ ಗೃಹಸ್ಥನನ್ನು ತೆಗೆದುಕೊಳ್ಳೋಣ. ಅವನಿಗೆ ೬೦ ತುಂಬಿದ ತರುವಾಯ ಗಂಡಹೆಂಡಿರ ಊಟ, ಬಟ್ಟೆ, ಔಷಧ, ಹಬ್ಬಹುಣ್ಣಿಮೆಗಳಿಗೆ ತಿಂಗಳಿಗೆ ೮,೦೦೦ ರೂಪಾಯಿ, ಅಂದರೆ ವರ್ಷಕ್ಕೆ ೯೬,೦೦೦ ರೂಪಾಯಿ ಬೇಕೆಂದು ಇಟ್ಟುಕೊಳ್ಳೋಣ.

ಅವನು ಕೊನೆಯವರೆಗೂ ನಾಲ್ಕು ಎಕರೆಯನ್ನು ತನ್ನ ಕೈಯಲ್ಲಿಯೇ ಇಟ್ಟುಕೊಂಡು ಕೂಲಿಯಾಳುಗಳಿಂದ ತೊಗರಿ ಬೆಳೆಯಿಸಿದರೆ, ಎಕರೆಗೆ ಮೂರು ಕ್ವಿಂಟಾಲಿನಂತೆ ಹನ್ನೆರಡು ಕ್ವಿಂಟಾಲು ಹುಟ್ಟುವಳಿಯಾಗುವುದು. ೨೦೨೫-೨೬ರ ಬೆಂಬಲ ಬೆಲೆಯಾದ ೮,೦೦೦ ರೂಪಾಯಿಯಂತೆ ಅದರ ಬೆಲೆ ೯೬,೦೦೦. ಅರ್ಧವು ಖರ್ಚಿಗೆ ಹೋದರೆ ೪೮,೦೦೦ ಉಳಿಯುವುದು. ಮೂರು ವರ್ಷಕ್ಕೊಮ್ಮೆ ಏನೂ ಉಳಿಯದೆ ಹೋಗುವುದೆಂದು ಎಣಿಸಿದರೆ ಸರಾಸರಿ ೩೨,೦೦೦ ರೂಪಾಯಿ. ಆದುದರಿಂದ ಭೂಮಿಯೊಂದರಿಂದಲೇ ಮುಪ್ಪು ಸಾಗದು. ಇನ್ನೂ ೬೪,೦೦೦ ರೂಪಾಯಿ ಬೇರೆಡೆಯಿಂದ ಬರಬೇಕು.

ಈ ಕೊರತೆಯನ್ನು ಬಡ್ಡಿಯಿಂದ ತುಂಬಬಹುದು. ನೂರಕ್ಕೆ ೮.೨ರಂತೆ ಬಡ್ಡಿ ದೊರೆಯುವ ಠೇವಣಿಯಲ್ಲಿ ಎಂಟು ಲಕ್ಷ ರೂಪಾಯಿ ಇದ್ದರೆ ವರ್ಷಕ್ಕೆ ೬೫,೬೦೦ ರೂಪಾಯಿ ಬರುವುದು. ಎಂಟು ಲಕ್ಷವೆಂದೊಡನೆ ಎದೆಗುಂದಬೇಕಾಗಿಲ್ಲ. ನೂರಕ್ಕೆ ೭.೧ರ ಚಕ್ರಬಡ್ಡಿಯಲ್ಲಿ ವರ್ಷಕ್ಕೆ ಸುಮಾರು ೨೯,೫೦೦ ರೂಪಾಯಿಯಂತೆ ಹದಿನೈದು ವರ್ಷ ಕಟ್ಟಿದರೆ ಆ ಮೊತ್ತವು ಕೂಡಿ ಬರುವುದು. ಕಟ್ಟಿದ ಹಣವು ನಾಲ್ಕು ಲಕ್ಷ ನಲವತ್ತೆರಡು ಸಾವಿರವಾದರೆ, ಉಳಿದುದನ್ನು ಬಡ್ಡಿಯೇ ತುಂಬುವುದು. ಆದರೆ ಅದೇ ಗೃಹಸ್ಥನು ೫೨ನೆಯ ವಯಸ್ಸಿನವರೆಗೆ ಸುಮ್ಮನಿದ್ದು, ಉಳಿದ ಎಂಟೇ ವರ್ಷಗಳಲ್ಲಿ ಅದೇ ಬಡ್ಡಿಯಿಂದ ಅದೇ ಮೊತ್ತವನ್ನು ಕೂಡಿಸಬೇಕೆಂದರೆ ವರ್ಷಕ್ಕೆ ಸುಮಾರು ೭೨,೫೦೦ ರೂಪಾಯಿ ಕಟ್ಟಬೇಕಾಗುವುದು. ಏಳು ವರ್ಷದ ಆಲಸ್ಯವು ಕಂತನ್ನು ಎರಡೂವರೆ ಪಟ್ಟಿನಷ್ಟು ಮಾಡುತ್ತದೆ. ಮುಂಗಾರಿನ ಹದ ತಪ್ಪಿದ ಬಿತ್ತಿಗೆಗೆ ಎಷ್ಟು ಗೊಬ್ಬರ ಹಾಕಿದರೂ ಹದದ ಬೆಳೆ ಬರದಂತೆ, ಇದೂ ಒಂದು ಹದದ ಕೆಲಸ.

ಇನ್ನೊಂದು ಮಾತನ್ನು ಮರೆಯಕೂಡದು. ಪದಾರ್ಥಗಳ ಬೆಲೆಯು ವರ್ಷಕ್ಕೆ ನೂರಕ್ಕೆ ಆರರಂತೆ ಏರಿದರೆ ಹನ್ನೆರಡು ವರ್ಷಗಳಲ್ಲಿ ಅದು ಇಮ್ಮಡಿಯಾಗುವುದು. ಬಡ್ಡಿಯು ಏರದಿದ್ದರೂ ಕಾಳಿನ ಬೆಲೆಯು ಏರುತ್ತದೆ. ಆದ ಕಾರಣ ಭೂಮಿಯನ್ನು ಪೂರ್ತಿಯಾಗಿ ಬಿಟ್ಟು ಬಡ್ಡಿಯೊಂದನ್ನೇ ನಂಬುವುದೂ ಸರಿಯಲ್ಲ. ಒಡ್ಡಿನ ಮೇಲೆ ಇಂದು ನೆಟ್ಟ ಹುಣಿಸೆ, ಮಾವು, ಬೇವುಗಳು ಯಜಮಾನನು ದುಡಿಯಲಾರದ ಕಾಲಕ್ಕೆ ದುಡಿಯತೊಡಗುವುವು. ಹುಣಿಸೆಯ ಮರವು ಮೊಮ್ಮಕ್ಕಳ ಕಾಲದವರೆಗೂ ಫಲ ಕೊಡುತ್ತದೆ.

೪. ಹಣವನ್ನು ಎಲ್ಲಿ ಇಡತಕ್ಕದ್ದು

ಗಡಿಗೆಯಲ್ಲಿಟ್ಟ ಹಣವು ಬೆಳೆಯುವುದಿಲ್ಲವೆಂಬುದು ಹಾಗಿರಲಿ, ಕೆಲವು ವೇಳೆ ಹಣವಾಗಿಯೂ ಉಳಿಯುವುದಿಲ್ಲ. ಈ ಸೀಮೆಯ ಮುತ್ತಜ್ಜಂದಿರು ಕೂಡಿಟ್ಟಿದ್ದ ನಿಜಾಮನ ಹಾಲಿ ಸಿಕ್ಕಾ ರೂಪಾಯಿಗಳು ಚಲಾವಣೆಯಿಂದ ಹೋದುವು. ೨೦೧೬ರ ನವೆಂಬರ್ ೮ರ ರಾತ್ರಿ ಐನೂರು ಸಾವಿರದ ನೋಟುಗಳ ಗತಿಯೂ ಹಾಗೆಯೇ ಆಯಿತು.

ಅಂಚೆಯ ಕಚೇರಿಯಲ್ಲಿಯೂ ಬ್ಯಾಂಕುಗಳಲ್ಲಿಯೂ ದೊರೆಯುವ ಸಾರ್ವಜನಿಕ ಭವಿಷ್ಯ ನಿಧಿಯು ೧೯೬೮ರಲ್ಲಿ ಏರ್ಪಟ್ಟುದು. ವರ್ಷಕ್ಕೆ ೫೦೦ರಿಂದ ಒಂದೂವರೆ ಲಕ್ಷದವರೆಗೆ ಕಟ್ಟಬಹುದು. ಅವಧಿ ಹದಿನೈದು ವರ್ಷ. ೨೦೨೦ರ ಏಪ್ರಿಲ್‌ನಲ್ಲಿ ಗೊತ್ತಾದ ಬಡ್ಡಿ ನೂರಕ್ಕೆ ೭.೧. ಖಾತೆದಾರನ ಸಾಲಕ್ಕಾಗಿ ಈ ನಿಧಿಯನ್ನು ನ್ಯಾಯಾಲಯವು ಜಪ್ತಿ ಮಾಡುವಂತಿಲ್ಲವೆಂಬುದು ಒಕ್ಕಲಿಗನಿಗೆ ವಿಶೇಷವಾಗಿ ಉಪಯುಕ್ತವಾದ ಗುಣ. ೬೦ ತುಂಬಿದವರಿಗೆ ೨೦೦೪ರಲ್ಲಿ ಆರಂಭವಾದ ಹಿರಿಯ ನಾಗರಿಕರ ಉಳಿತಾಯ ಯೋಜನೆಯಿದೆ. ೨೦೨೩ರ ಏಪ್ರಿಲ್‌ನಿಂದ ಅದರ ಬಡ್ಡಿಯು ನೂರಕ್ಕೆ ೮.೨ ಆಗಿ, ಠೇವಣಿಯ ಮಿತಿಯು ೩೦ ಲಕ್ಷಕ್ಕೆ ಏರಿತು. ಒಂದು ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ ೨,೦೫೦ ರೂಪಾಯಿ ಕೈಸೇರುವುದು. ಈ ದರಗಳನ್ನು ಸರಕಾರವು ಕಾಲಕಾಲಕ್ಕೆ ಪರಿಷ್ಕರಿಸುವುದರಿಂದ ಹಣ ಕಟ್ಟುವ ದಿನ ವಿಚಾರಿಸಿಕೊಳ್ಳತಕ್ಕದ್ದು.

ಮನೆಯ ಕಿರಿಯರಿಗೆ ಎರಡು ಪಿಂಚಣಿಗಳುಂಟು. ೨೦೧೫ರ ಅಟಲ್ ಪಿಂಚಣಿ ಯೋಜನೆಗೆ, ಆದಾಯ ತೆರಿಗೆ ಕೊಡದ, ೧೮ರಿಂದ ೪೦ ವಯಸ್ಸಿನವರು ಸೇರಬಹುದು. ೬೦ರ ನಂತರ ತಿಂಗಳಿಗೆ ೫,೦೦೦ ರೂಪಾಯಿ ಬೇಕಾದರೆ ೧೮ರಲ್ಲಿ ಸೇರಿದವನ ತಿಂಗಳ ಕಂತು ೨೧೦. ೪೦ರಲ್ಲಿ ಸೇರಿದವನದು ೧,೪೫೪. ಗಂಡಹೆಂಡಿರು ಬೇರೆ ಬೇರೆಯಾಗಿ ಸೇರಬಹುದು. ಎರಡು ಹೆಕ್ಟೇರಿನ ಒಳಗಿನ ಭೂಮಿಯುಳ್ಳವರಿಗೆ ೨೦೧೯ರ ಕಿಸಾನ್ ಮಾನ್ ಧನ್ ಯೋಜನೆಯಲ್ಲಿ ತಿಂಗಳಿಗೆ ೩,೦೦೦ ರೂಪಾಯಿಯ ಪಿಂಚಣಿಯಿದೆ. ಕಂತು ವಯಸ್ಸಿಗೆ ತಕ್ಕಂತೆ ೫೫ರಿಂದ ೨೦೦. ಅಷ್ಟೇ ಹಣವನ್ನು ಕೇಂದ್ರ ಸರಕಾರವೂ ಕಟ್ಟುವುದು. ಆದರೆ ಇಂದು ೪೦ ವಯಸ್ಸಿನವನಿಗೆ ಇಪ್ಪತ್ತು ವರ್ಷಗಳ ಮೇಲೆ ದೊರೆಯುವ ಆ ೩,೦೦೦ ರೂಪಾಯಿಯು, ಮೇಲೆ ಹೇಳಿದ ಬೆಲೆಯೇರಿಕೆಯಲ್ಲಿ, ಈಗಿನ ಸುಮಾರು ೯೩೫ ರೂಪಾಯಿಗೆ ಸಮನಾಗುವುದು. ಆದ ಕಾರಣ ಇವು ಊರುಗೋಲುಗಳೇ ಹೊರತು ಕಾಲುಗಳಲ್ಲ.

ತಿಂಗಳಿಗೆ ನೂರಕ್ಕೆ ಎರಡು ಮೂರು ರೂಪಾಯಿ ಲಾಭ ಕೊಡುವೆವೆಂದು ಮನೆಬಾಗಿಲಿಗೆ ಬರುವವರನ್ನು ನಂಬಕೂಡದು. ಬ್ಯಾಂಕಿನಲ್ಲಿಟ್ಟ ಠೇವಣಿಗೆ ೨೦೨೦ರ ಫೆಬ್ರವರಿ ೪ರಿಂದ ಒಬ್ಬೊಬ್ಬರಿಗೆ ಒಂದು ಬ್ಯಾಂಕಿನಲ್ಲಿ ಐದು ಲಕ್ಷದವರೆಗೆ ವಿಮೆಯಿದೆ. ಈ ವಿಮೆಯು ಪತ್ತಿನ ಸಹಕಾರ ಸಂಘಗಳ ಠೇವಣಿಗೆ ಅನ್ವಯಿಸುವುದಿಲ್ಲವೆಂಬುದನ್ನು ತಿಳಿದು, ಮುಪ್ಪಿನ ಹಣವನ್ನೆಲ್ಲ ಒಂದೇ ಕಡೆ ಇಡದಿರುವುದು ಲೇಸು.

೫. ಭೂಮಿಯನ್ನು ಹಂಚುವ ಕ್ರಮ

ಒಕ್ಕಲಿಗನು ಮುಪ್ಪಿನಲ್ಲಿ ಮಾಡುವ ತಪ್ಪುಗಳಲ್ಲಿ ಇದೇ ದೊಡ್ಡದು: ಮಕ್ಕಳ ಒತ್ತಾಯಕ್ಕಾಗಲಿ ತನ್ನ ಮನಸ್ಸಿನ ನೆಮ್ಮದಿಗಾಗಲಿ, ಬದುಕಿರುವಾಗಲೇ ಭೂಮಿಯನ್ನೆಲ್ಲ ಬರೆದುಕೊಟ್ಟು, ತನಗೆ ಅಂಗೈಯಷ್ಟು ನೆಲವನ್ನೂ ಇಟ್ಟುಕೊಳ್ಳದಿರುವುದು. ನಿನ್ನೆ ಹತ್ತು ಮಂದಿಗೆ ನ್ಯಾಯ ಹೇಳಿದ ಯಜಮಾನನು ಮರುದಿನ ಗುಳಿಗೆಯ ಹಣಕ್ಕಾಗಿ ಸೊಸೆಯ ಮುಖ ನೋಡಬೇಕಾಗುವುದು. ದಾನಪತ್ರವು ನೋಂದಣಿಯಾದ ದಿನವೇ ಜಾರಿಗೆ ಬರುವುದು. ಮೃತ್ಯುಪತ್ರವು ಬರೆದವನ ಮರಣಾನಂತರ ಮಾತ್ರ ಜಾರಿಗೆ ಬರುವುದು, ಮತ್ತು ಬದುಕಿರುವವರೆಗೆ ಅದನ್ನು ಬದಲಾಯಿಸಬಹುದು. ಆದ ಕಾರಣ ಸ್ವಾರ್ಜಿತ ಆಸ್ತಿಯ ವಿಷಯದಲ್ಲಿ ಮೃತ್ಯುಪತ್ರವೇ ಕ್ಷೇಮಕರ. ಪಿತ್ರಾರ್ಜಿತದಲ್ಲಿ ೨೦೦೫ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಸಮಪಾಲಿರುವುದರಿಂದ, ಅವರನ್ನು ಬಿಟ್ಟು ಮಾಡಿದ ಪಾಲು ಮುಂದೆ ವ್ಯಾಜ್ಯಕ್ಕೆ ಎಡೆಗೊಡುವುದು.

ದಾನಪತ್ರವನ್ನೇ ಬರೆಯಬೇಕಾಗಿ ಬಂದರೆ, ಕೊಟ್ಟವರ ಜೀವನಾವಶ್ಯಕತೆಗಳನ್ನು ಪಡೆದವನು ನೋಡಿಕೊಳ್ಳತಕ್ಕದ್ದೆಂಬ ಷರತ್ತನ್ನು ಪತ್ರದಲ್ಲಿಯೇ ಸ್ಪಷ್ಟವಾಗಿ ಬರೆಯಿಸಬೇಕು. ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಯ ೨೦೦೭ರ ಕಾಯಿದೆಯ ೨೩ನೆಯ ಕಲಮಿನ ಪ್ರಕಾರ, ಅಂಥ ಷರತ್ತನ್ನು ಮುರಿದಲ್ಲಿ ಆ ದಾನವನ್ನು ರದ್ದುಪಡಿಸಲು ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. ಹೆಂಡತಿಯ ಹೆಸರಿನಲ್ಲಿಯೂ ಒಂದಿಷ್ಟು ಭೂಮಿ ಠೇವಣಿಗಳಿರತಕ್ಕದ್ದು. ಗಂಡನನ್ನು ಕಳೆದುಕೊಂಡ ತಾಯಿಯ ಮುಪ್ಪೇ ಎಲ್ಲಕ್ಕಿಂತ ದೀರ್ಘವಾದುದು ಮತ್ತು ನಿರಾಧಾರವಾದುದು. ತೀರಿಕೊಂಡ ಹಿರಿಯರ ಹೆಸರಿನಲ್ಲಿಯೇ ಪಹಣಿ ಉಳಿದಿದ್ದರೆ ಪೌತಿ ಖಾತೆ ಮಾಡಿಸಿಕೊಳ್ಳುವುದಕ್ಕೆ ತಡಮಾಡಕೂಡದು.

೬. ಸಾಲ, ಬೆಳೆಹಾನಿ, ರೋಗ

ತೂತುಬಿದ್ದ ಹಗೇವು ತುಂಬುವುದಿಲ್ಲ. ತಿಂಗಳಿಗೆ ನೂರಕ್ಕೆ ಮೂರು ರೂಪಾಯಿಯಂತೆ ಕೈಗಡ ತಂದರೆ ವರ್ಷಕ್ಕೆ ನೂರಕ್ಕೆ ಮೂವತ್ತಾರಾಗಿ, ಮೂರು ವರ್ಷ ತುಂಬುವ ಮೊದಲೇ ಬಡ್ಡಿಯು ಅಸಲನ್ನು ಮೀರುವುದು. ಅಂಥ ಸಾಲವಿರುವಾಗ ಏಳೆಂಟರ ಬಡ್ಡಿಗೆ ಹಣ ಕೂಡಿಡುವುದು ನಿರರ್ಥಕ. ಮೊದಲು ಆ ಸಾಲವನ್ನು ತೀರಿಸತಕ್ಕದ್ದು. ೫೫ ವಯಸ್ಸಿನ ನಂತರ ಭೂಮಿಯನ್ನು ಒತ್ತೆಯಿಟ್ಟು ಮದುವೆಗೆ ಸಾಲ ಮಾಡಲೇಕೂಡದು.

೨೦೧೬ರಿಂದ ನಡೆಯುತ್ತಿರುವ ಫಸಲು ಬಿಮೆಯಲ್ಲಿ ಮುಂಗಾರಿಯ ಕಾಳುಕಡಿಗಳಿಗೆ ರೈತನ ಕಂತು ನೂರಕ್ಕೆ ಎರಡು, ಹಿಂಗಾರಿಗೆ ಒಂದೂವರೆ. ಕೊನೆಯ ದಿನವನ್ನು ಕಾಯದೆ ಕಟ್ಟಿದರೆ ಮಳೆ ತಪ್ಪಿದ ವರ್ಷ ಮುಪ್ಪಿನ ಖಾತೆಗೆ ಕೈಹಾಕಬೇಕಾಗದು. ಸಹಕಾರ ಸಂಘದ ಸದಸ್ಯರು, ೨೦೨೨ರ ಕೊನೆಯಲ್ಲಿ ಪುನರಾರಂಭವಾದ ಯಶಸ್ವಿನಿ ಯೋಜನೆಗೆ ಸೇರಿಕೊಂಡರೆ ಶಸ್ತ್ರಚಿಕಿತ್ಸೆಗಾಗಿ ಹೊಲ ಮಾರುವ ಪ್ರಸಂಗ ತಪ್ಪೀತು.

೭. ಗ್ರಾಮಮುಖ್ಯರ ಕರ್ತವ್ಯ

ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ೧೯೦೫ರಲ್ಲಿ ಸಹಕಾರ ಸಂಘವನ್ನು ಕಟ್ಟಿದ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಒಂದು ಹಳ್ಳಿಯ ಗೌಡರೇ ಆಗಿದ್ದರು. ಊರಿನ ಮುಂದಾಳು ಮೊದಲು ಹೆಜ್ಜೆಯಿಟ್ಟರೆ ಉಳಿದವರು ಹಿಂಬಾಲಿಸುವರು. ಪ್ರತಿಯೊಬ್ಬ ಮುಖ್ಯನೂ ಯುಗಾದಿಯ ಸುಮಾರಿಗೆ ತನ್ನ ಮನೆಯ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆಯಲಿ: ವಯಸ್ಸೆಷ್ಟು, ಸಾಲವೆಷ್ಟು, ಅರವತ್ತಕ್ಕೆ ಉಳಿದ ಸುಗ್ಗಿಗಳೆಷ್ಟು, ಆಗ ಬೇಕಾಗುವುದೆಷ್ಟು, ಕೂಡಿರುವುದೆಷ್ಟು. ಆ ಹಾಳೆಯನ್ನು ಹೆಂಡತಿಗೂ ಮಕ್ಕಳಿಗೂ ಓದಿ ಹೇಳಲಿ. ಬಳಿಕ ಊರಿನ ಸಣ್ಣ ಹಿಡುವಳಿದಾರರನ್ನೂ ಕೂಲಿಕಾರರನ್ನೂ ಚಾವಡಿಗೆ ಕರೆದು, ಅಂಚೆಯವರನ್ನಾಗಲಿ ಬ್ಯಾಂಕಿನವರನ್ನಾಗಲಿ ಬರಮಾಡಿಕೊಂಡು, ಅರ್ಹರಾದ ತರುಣರ ಹೆಸರುಗಳನ್ನು ಪಿಂಚಣಿಗೆ ಬರೆಯಿಸಲಿ. ೬೫ ದಾಟಿದ ಬಡವರಿಗೆ ೨೦೦೭ರಿಂದ ಇರುವ ಸಂಧ್ಯಾ ಸುರಕ್ಷೆಯ ಅರ್ಜಿಯನ್ನು ತುಂಬಿಸಿಕೊಡಲಿ.

ತೆನೆ ತೆನೆ ಕೂಡಿದರೆ ಬಳ್ಳವೆಂಬ ಗಾದೆಯನ್ನು ಅರಿಯದ ಒಕ್ಕಲಿಗನಿಲ್ಲ. ಬರುವ ಸುಗ್ಗಿಯ ಮೊದಲನೆಯ ಬಳ್ಳವನ್ನು ತನ್ನ ಮುಪ್ಪಿಗೆಂದು ಅಳೆದಿರಿಸುವುದೊಂದೇ ಈಗ ಉಳಿದಿರುವ ಕೆಲಸ.